ಖಡಕ್ ರೊಟ್ಟಿಗೆ ಫ್ರಿಜ್ ಯಾಕೆ?

ಮಾನ್ಯ ಆಹಾರ ತಪಾಸಣಾಧಿಕಾರಿಗಳೇ,

ತಮ್ಮ ಮಾತು ಕೇಳಿ ನಮ್ಮ ರೊಟ್ಟಿ ಕೆಟ್ಟವು. ಕೆಟ್ಟ ರೊಟ್ಟಿ ನೋಡಿ ತಾವೇ ನಮ್ಮ ಕೆಲಸ ನಿಲ್ಲಿಸಿದಿರಿ. ಇದರಲ್ಲಿ ನಮ್ಮ ತಪ್ಪು ಎಲ್ಲಿದೆ ಎಂದು ಊರ ಮುಂದೆಯೇ ಕೇಳೋಣವೆಂದು ಈ ಪತ್ರ.

ಬೆಟಗೇರಿಯಲ್ಲಿ ನಮ್ಮ ಅತ್ತೆ ದ್ಯಾಮವ್ವ ಸೀರೆ ನೇಯುತ್ತಿದ್ದ ಕೋಣೆಯಲ್ಲಿ ಈಗ ನಾವು ಕೆಲವು ಹೆಂಗಸರು ಸೇರಿ ರೊಟ್ಟಿ ಬಡಿಯುತ್ತೇವೆ. ಜೋಳ ಅಸುಂಡಿ ಹಳ್ಳಿಯದು, ಬೀಸುವ ಗಿರಣಿ ಓಣಿಯ ತುದಿಯದು. ಬೆಂದ ರೊಟ್ಟಿಯನ್ನು ಒಲೆಯ ಸುತ್ತ ಒರಗಿಸಿಟ್ಟರೆ ಉಳಿದ ಕಾವಿನಲ್ಲೇ ಒಣಗಿ ಖಡಕ್ ಆಗುತ್ತದೆ. ತಿಂಗಳಿಟ್ಟರೂ ಕೆಡುವುದಿಲ್ಲ. ನಾವು ರೊಟ್ಟಿ ಕಳಿಸುತ್ತಿದ್ದ ಹಾಸ್ಟೆಲ್ಲಿನ ಮಕ್ಕಳು ಕಟುಂ ಕಟುಂ ಎಂದು ತಿನ್ನುತ್ತಿದ್ದರು. ಅಷ್ಟರಲ್ಲಿ ತಾವು ಬಂದು, “ಶೀತಲ ವ್ಯವಸ್ಥೆ ಎಲ್ಲಿ?” ಎಂದಿರಿ.

“ಯಾಕ್ರೀ ಸಾಹೇಬ್ರ, ರೊಟ್ಟಿಗೇನ ಜ್ವರ ಬಂದೈತೇನ್ರಿ, ತಂಪಿನಾಗ ಮಲಗಸಾಕ?” ಎಂದು ಅತ್ತೆ ಕೇಳಿದರು. ತಾವು ನಗಲಿಲ್ಲ. ಆಹಾರವೆಂದ ಮೇಲೆ ಫ್ರಿಜ್ ಇರಲೇಬೇಕು, ನಿಯಮ ಎಂದರೆ ನಿಯಮ ಎಂದಿರಿ.

ಆತು ಬಿಡಿ ಎಂದು, ನಮ್ಮೊಂದಿಗೆ ರೊಟ್ಟಿ ಬಡಿಯುವ ರೋಶನಬಿ ತನ್ನ ತಮ್ಮ ಅಯ್ಯೂಬನಿಗೆ ಹೇಳಿ ಲಕ್ಷ್ಮೇಶ್ವರದಿಂದ ಒಂದು ಹಳೆಯ ಫ್ರಿಜ್ ತರಿಸಿದಳು. ಮಳೆಗಾಲ. ಒಳಗಿಟ್ಟ ರೊಟ್ಟಿ ಹೊರಬಂದ ಕೂಡಲೇ ಬೆವರಿ ಮೆತ್ತಗಾದವು. ಮತ್ತೆ ಬಂದ ತಾವು ಫ್ರಿಜ್ ನೋಡಿ ಸಂತೋಷಪಟ್ಟಿರಿ, ರೊಟ್ಟಿ ಎತ್ತಿ ನೋಡಿ, “ಇದೇನು ಒದ್ದೆ ಟವೆಲ್ಲೇ?” ಎಂದಿರಿ. ಹಾಸ್ಟೆಲ್ಲಿಗೆ ರೊಟ್ಟಿ ಬಂದ್ ಆಯಿತು.

ಕಡಲಾಚೆಯ ಸೇಬು ತಂಪು ಹಡಗಿನಲ್ಲಿ ಮಲಗಿ ಬಂದು ಗದಗಿನ ಅಂಗಡಿಯಲ್ಲಿ ಮತ್ತೆ ತಂಪಿಗೆ ಕೂರುತ್ತದೆ. ಒಮ್ಮೆ ಕರಿದ ಆಲೂಗಡ್ಡೆ ಹೆಪ್ಪುಗಟ್ಟಿ ಬಂದು ಇಲ್ಲಿ ಮತ್ತೆ ಎಣ್ಣೆಗೆ ಬೀಳುತ್ತದೆ. ಜಗತ್ತು ಉಣ್ಣುವ ಅನ್ನಕ್ಕೆ ಇಷ್ಟೊಂದು ಇಂಧನ ಸುಡುತ್ತಿದೆಯೆಂದೇ ಅಲ್ಲವೇ ತಮ್ಮ ಕಚೇರಿಯ ಬಾಗಿಲಿಗೆ ‘ಇಂಧನ ಉಳಿಸಿ’ ಎಂಬ ಫಲಕ? ಹಾಲಿಗೆ, ಮೀನಿಗೆ ತಂಪು ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಆದರೆ ಏನನ್ನೂ ಬೇಡದೆ ಬದುಕುವ ರೊಟ್ಟಿಗೂ ಕರೆಂಟಿನ ಚಟ ಹಿಡಿಸಬೇಕೇ?

ಹಾಗೆಂದು ಫ್ರಿಜ್ ದಂಡವಾಗಿಲ್ಲ. ಮೊನ್ನೆ ಅತ್ತೆ ಅದರ ಹಿಂದೆ ಕೈಯಿಟ್ಟು, “ರೋಹಿಣಿ, ಬಾ ಇಲ್ಲೆ! ಇದರ ಬೆನ್ನ ಬೆಚ್ಚಗೈತಿ ನೋಡವಾ!” ಎಂದರು. ಮೆತ್ತಗಾಗಿದ್ದ ರೊಟ್ಟಿಗಳನ್ನು ಅಲ್ಲಿಗೇ ಒರಗಿಸಿದೆವು. ಸಂಜೆಯೊಳಗೆ ಖಡಕ್! ಈಗ ಅದರ ಹೊಟ್ಟೆಯಲ್ಲಿ ತಮ್ಮ ನಿಯಮ, ಬೆನ್ನಿಗೆ ನಮ್ಮ ರೊಟ್ಟಿ. ಒಲೆ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಕರೆಂಟು ಹಗಲೂ ರಾತ್ರಿ ಓಡುತ್ತಿದೆ.

ನಗುತ್ತಲೇ ಬರೆಯುತ್ತಿದ್ದೇನೆ, ಆದರೆ ರೋಶನಬಿ ದಿನಾ ಬಂದು ಹಚ್ಚದ ಒಲೆಯ ಮುಂದೆ ಕುಳಿತು ಎದ್ದು ಹೋಗುವುದನ್ನು ನೋಡಿದರೆ ನಗು ಬರುವುದಿಲ್ಲ. ಒಣರೊಟ್ಟಿಗೆ ಫ್ರಿಜ್ ಬೇಕೆಂಬ ಷರತ್ತು ಕೈಬಿಡಿ, ಹಾಸ್ಟೆಲ್ಲಿಗೆ ರೊಟ್ಟಿ ಹೋಗಲು ಬಿಡಿ. ನಂಬಿಕೆ ಇಲ್ಲವೇ? ತಾವೇ ಬನ್ನಿ. ಫ್ರಿಜ್ಜಿನ ಒಳಗಿನದೊಂದು, ಹಿಂದಿನದೊಂದು ರೊಟ್ಟಿಯನ್ನು ಶೇಂಗಾ ಚಟ್ನಿಯೊಂದಿಗೆ ಕೊಡುತ್ತೇವೆ. ಯಾವುದು ಕಟುಂ ಎನ್ನುತ್ತದೆಯೋ ಅದಕ್ಕೆ ಒಪ್ಪಿಗೆಯ ಸಹಿ ಹಾಕಿ.

ಇಂತಿ,
ರೊಟ್ಟಿ ಒಣಗಿಸಲು ಫ್ರಿಜ್ ಹಚ್ಚಿ ಕುಳಿತ ಜಗತ್ತಿನ ಮೊದಲ ಹೆಂಗಸು,
ರೋಹಿಣಿ, ಬೆಟಗೇರಿ