ಮೂರನೆಯ ತಟ್ಟೆ

ಬ್ಯಾಡಗಿ
೮ ಜನವರಿ ೧೯೯೪

ಪ್ರೀತಿಯ ಕುತುಬ್ ಭಾಯಿಗೆ,

ನಿನ್ನ ತಂಗಿ ಮಹಮೂದಾಳ ಸಲಾಮು. ಹೇಗಿದ್ದೀ? ಗಂಟಲಿನ ಗಾಯ ಮಾಗಿತೇ? ಅನ್ನ ಇಳಿಯುತ್ತಿದೆಯೇ, ಇನ್ನೂ ಬರೀ ಗಂಜಿಯೇ? ಹ್ಯಾಂಬರ್ಗಿನಲ್ಲಿ ಈಗ ಹಿಮ ಬೀಳುತ್ತದಂತೆ. ಕಿವಿಗೆ ಏನಾದರೂ ಕಟ್ಟಿಕೋ, ಸಣ್ಣವನಿದ್ದಾಗಿನಿಂದಲೂ ನಿನಗೆ ಥಂಡಿ ಹತ್ತುವುದು ಕಿವಿಯಿಂದಲೇ. ನಾವಿಲ್ಲಿ ಆರಾಮಾಗಿದ್ದೇವೆ ಎಂದು ಬರೆಯಬೇಕು, ಎಲ್ಲರೂ ಹಾಗೇ ಬರೆಯುತ್ತಾರೆ. ನಾನು ಬರೆಯುವುದಿಲ್ಲ. ನನಗೆ ಹೆದರಿಕೆಯಾಗಿದೆ ಭಾಯಿ. ಇದನ್ನು ಅಮ್ಮಿಯ ಮುಂದೆ ಹೇಳುವಂತಿಲ್ಲ, ಓಣಿಯಲ್ಲಿ ಹೇಳುವಂತಿಲ್ಲ. ಉಳಿದವನು ನೀನೊಬ್ಬ. ನೀನೇ ಹೆದರಿಸಿದವನಾದ್ದರಿಂದ ನೀನೇ ಕೇಳು.

ಊರಿನ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಸುಗ್ಗಿ ಜೋರಾಗಿದೆ. ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮೆಣಸಿನಕಾಯಿ ಬಂದಿದೆ. ನೀನು ಹಮಾಲಿ ಮಾಡುತ್ತಿದ್ದ ಅಂಗಡಿಯ ಮುಂದೆ ಚೀಲಗಳು ತಗಡಿನ ತನಕ ಏರಿವೆ. ಅಮ್ಮಿ ಮತ್ತು ಪಕ್ಕದ ಮನೆಯ ಜಯವ್ವ ದಿನಾ ತೊಟ್ಟು ಬಿಡಿಸಲು ಹೋಗುತ್ತಾರೆ, ನಾನೂ ಹೋಗುತ್ತೇನೆ. ಘಾಟು ಎಷ್ಟಿದೆ ಎಂದರೆ ಇಡೀ ಊರು ಕೆಮ್ಮುತ್ತಿದೆ. ನಿನಗೆ ನೆನಪಿದೆಯೇ, ನೀನು ಮಾರುಕಟ್ಟೆಯಿಂದ ಬರುವಾಗ ಓಣಿಯ ತಿರುವಿನಲ್ಲೇ ಕೆಮ್ಮುತ್ತಿದ್ದೆ. ಎರಡು ಚಿಕ್ಕ ಕೆಮ್ಮು, ಆಮೇಲೆ ಒಂದು ಉದ್ದನೆಯದು, ಕೊನೆಗೆ ಸಿಟ್ಟು ಬಂದ ಹೋರಿಯ ಹಾಗೆ ಮೂಗಿನಲ್ಲೊಂದು ಸದ್ದು. ನೀನು ಕಣ್ಣಿಗೆ ಬೀಳುವ ಮೊದಲೇ ಅಮ್ಮಿ ಒಳಗಿನಿಂದ ಕೂಗುತ್ತಿದ್ದಳು: "ಕುತುಬ್ಯಾ ಬಂದ, ನೀರ ಇಡು." ನೂರು ಜನ ಹಮಾಲರು ಕೆಮ್ಮಿದರೂ ಅವಳು ಒಂದು ದಿನವೂ ತಪ್ಪಿದ್ದಿಲ್ಲ. ನಾನು ನಿನ್ನ ಹಾಗೆ ಕೆಮ್ಮಿ ಅವಳನ್ನು ಮೋಸ ಮಾಡಲು ನೋಡಿದಾಗ ಎಷ್ಟು ಬೈಸಿಕೊಂಡೆ!

ಈಗ ಆ ಮಾತು. ಹಡಗಿನಲ್ಲಿ ನಿನ್ನ ಜೊತೆಗಿದ್ದ ಹಾವೇರಿಯ ಅಬ್ದುಲರಜಾಕ ರಜೆಯ ಮೇಲೆ ಬಂದಾಗ ನಮ್ಮ ಮನೆಗೂ ಬಂದಿದ್ದ. ಹಡಗಿನ ಹಗ್ಗ ಹರಿದು ನಿನ್ನ ಕುತ್ತಿಗೆಗೂ ಕೈಗೂ ಬಡಿದದ್ದು, ಆಪರೇಷನ್ ಆದದ್ದು, ಟ್ಯೂಬು ತೆಗೆದ ಮೇಲೂ ದನಿ ಬಾರದ್ದು, ಎಲ್ಲ ಹೇಳಿದ. ಅಮ್ಮಿ ಚಹಾ ಮಾಡಲು ಒಳಗೆ ಹೋದಾಗ ಅವನು ನನಗೊಬ್ಬಳಿಗೇ ಇನ್ನೊಂದು ಹೇಳಿದ: "ಕೈ ಆರಾಮ ಆಗೇತಿ ತಂಗಿ. ಸಿಸ್ಟರ್ ಪೆನ್ನು ಕೊಟ್ರ ದೂಡತಾನ. ಗ್ವಾಡಿ ಕಡೆ ಮಕಾ ಮಾಡಿ ಮಲಗತಾನ." ಮೊಹರಂನಲ್ಲಿ ನೀನು ರಿವಾಯತ್ ಪದ ಎತ್ತಿಕೊಂಡರೆ ರೈಲು ನಿಲ್ದಾಣದ ತನಕ ಕೇಳುತ್ತಿತ್ತು. ಆ ದನಿ ಹೋಯಿತೆಂದು ನಿನಗೆ ಎಷ್ಟು ಸಂಕಟವಾಗಿರಬೇಕು, ನನಗೆ ತಿಳಿಯುತ್ತದೆ. ಆದರೆ ದನಿ ಹೋದರೆ ನಾವೂ ಹೋದೆವೇ? ನೀನು ಬದುಕುವುದೇ ಬೇಡವೆಂದುಕೊಂಡಿದ್ದೀಯೋ ಏನೋ ಎಂಬ ಹೆದರಿಕೆ ಅವತ್ತು ಹೊಕ್ಕಿದ್ದು ಇನ್ನೂ ಹೋಗಿಲ್ಲ.

ರಜಾಕ ನಿನ್ನ ವಾರ್ಡಿನ ಫೋನ್ ನಂಬರು ಬರೆದುಕೊಟ್ಟ. ಹಗಲು ಹೊತ್ತು ಫೋನ್ ಎತ್ತುವುದು ಸಿಸ್ಟರ್ ಹಿಲ್ಡೆ, ತುಂಬ ಒಳ್ಳೆಯ ಹೆಂಗಸು, ಆದರೆ ಆಕೆಗೆ ಜರ್ಮನ್ ಬಿಟ್ಟು ಬೇರೆ ಯಾವ ಭಾಷೆಯೂ ಬಾರದು ಎಂದ. ಸರಿ, ನಾನೇ ಜರ್ಮನ್ ಕಲಿಯುತ್ತೇನೆ ಎಂದುಬಿಟ್ಟೆ. ರಜಾಕ ನಕ್ಕ. ನಗಲಿ. ಹುಬ್ಬಳ್ಳಿಯ ಹಳೆಯ ಪುಸ್ತಕದಂಗಡಿಯಿಂದ ಜರ್ಮನ್ ಕಲಿಸುವ ಪುಸ್ತಕವೊಂದನ್ನು ತರಿಸಿಕೊಂಡೆ. ಮುಖಪುಟ ಹರಿದಿತ್ತು, ಉಚ್ಚಾರಣೆಯ ಪಾಠವಿದ್ದ ಮೊದಲ ಹಾಳೆಗಳನ್ನು ಯಾರೋ ಪುಣ್ಯಾತ್ಮರು ಕಿತ್ತುಕೊಂಡಿದ್ದರು. ನನಗೆ ಅದೇನು ದೊಡ್ಡದು ಅನ್ನಿಸಲಿಲ್ಲ. ಇಂಗ್ಲಿಷ್ ಅಕ್ಷರ ಗೊತ್ತಲ್ಲ, ಕಂಡಂತೆ ಓದಿದೆ. ‘ನನ್ನ ಅಣ್ಣನ ಜೊತೆ ಮಾತನಾಡಬೇಕು’ ಎನ್ನುವುದನ್ನು "ಇಚ್ ಮೊಚ್ಟೆ ಮಿಟ್ ಮೈನೆಮ್ ಬ್ರೂಡರ್ ಸ್ಪ್ರೆಚೆನ್" ಎಂದು ಬಾಯಿಪಾಠ ಮಾಡಿಕೊಂಡು, ತೊಟ್ಟು ಬಿಡಿಸುತ್ತ ದಿನವಿಡೀ ಗುನುಗಿದೆ. ಜಯವ್ವ ಅಂದಳು, "ಏನವಾ, ಜ್ವರಾ ಬಂದಾವೇನ? ಏನೇನರೆ ಬಡಬಡಸಾಕತ್ತಿ."

ನವೆಂಬರ್ ಕೊನೆಯಲ್ಲಿ ಅಮ್ಮಿಯನ್ನು ಕರೆದುಕೊಂಡು ರಾಣೇಬೆನ್ನೂರಿಗೆ ಹೋದೆ. ನಮ್ಮೂರಿನ ಬೂತಿನಿಂದ ಹೊರದೇಶಕ್ಕೆ ಲೈನು ಸಿಗುವುದಿಲ್ಲ. ಅಲ್ಲಿ ಬಸ್ ನಿಲ್ದಾಣದ ಎದುರು ಮೈಲಾರೆಪ್ಪನ ಬೂತು ಇದೆ. ಅಮ್ಮಿಯನ್ನು ಹೊರಗೆ ಸ್ಟೂಲಿನ ಮೇಲೆ ಕೂರಿಸಿ ನಾನು ಗಾಜಿನ ಪೆಟ್ಟಿಗೆಯೊಳಗೆ ನಿಂತೆ. ಅತ್ತ ಕಡೆ ಫೋನ್ ಎತ್ತಿದರು. ಕಲಿತದ್ದನ್ನು ಹೇಳಿದೆ. "ವೀ ಬಿಟ್ಟೆ?" ಎಂದರು. ಮತ್ತೆ ಹೇಳಿದೆ. ಮತ್ತೆ "ವೀ ಬಿಟ್ಟೆ?" ಏನು ಹೇಳಿದಿರಿ ಎಂದು ಕೇಳುತ್ತಿದ್ದಾರೆ ಎಂಬುದೂ ಆಗ ಹೊಳೆಯಲಿಲ್ಲ. ನಿನ್ನ ಹೆಸರು ಕೂಗಿದೆ, ಅದನ್ನೂ ಹೆದರಿಕೆಯಲ್ಲಿ ಅರ್ಧ ನುಂಗಿದೆ. ಆಮೇಲೆ ಆಕೆ ಏನೋ ಉದ್ದಕ್ಕೆ, ನಿಧಾನವಾಗಿ, ಮೆಲ್ಲಗೆ ಹೇಳತೊಡಗಿದರು. ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಸಾವಿನ ಮನೆಯಲ್ಲಿ ಮಾತನಾಡಿಸುವವರು ಹೀಗೇ ಅಲ್ಲವೇ ಮೆಲ್ಲಗೆ ಮಾತನಾಡುವುದು? ಹಾಗೆ ಅನ್ನಿಸಿದ್ದೇ ತಡ, ಫೋನ್ ಇಟ್ಟುಬಿಟ್ಟೆ. ತಿರುಗಿದರೆ ಗಾಜಿನ ಆಚೆ ಅಮ್ಮಿ ಎದ್ದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. "ಲೈನ್ ಸರಿ ಇರಲಿಲ್ಲ" ಎಂದೆ. ಮನೆಗೆ ಬಂದು ಬುರ್ಖಾ ಮಡಿಸಿಡುತ್ತ ಕೇಳಿದಳು: "ಖರೇ ಹೇಳು. ಅದಾನೋ ಇಲ್ಲೋ?" ಅದಾನೆ ಎಂದೆ, ಕುರಾನಿನ ಆಣೆ ಎಂದೆ, ರಜಾಕ ನೋಡಿ ಬಂದಿದ್ದಾನಲ್ಲ ಎಂದೆ. ಅವಳು ತನ್ನ ತವರು ಅಗಡಿಯ ಯೂಸುಫಸಾಬನ ಹೆಸರು ತೆಗೆದಳು. ಅವನು ಸೌದಿಯಲ್ಲಿ ತೀರಿಕೊಂಡಾಗ ಅವನ ತಾಯಿಯ ಎದೆ ಒಡೆದೀತೆಂದು ಮನೆಯವರು ತಿಂಗಳುಗಟ್ಟಲೆ ಮುಚ್ಚಿಟ್ಟರಲ್ಲ, ಆಗಲೂ ಒಬ್ಬ ಬಂದು "ಕಣ್ಣಾರೆ ನೋಡೇನಿ, ಆರಾಮ ಅದಾನ" ಎಂದಿದ್ದನಂತೆ. ನಿನ್ನ ಕೈ ಇನ್ನೂ ವಾಸಿಯಾಗಿಲ್ಲ, ಅದಕ್ಕೇ ಪತ್ರವಿಲ್ಲ ಎಂದರೆ, "ತನಗ ಬರೀಲಿಕ್ಕೆ ಆಗದಿದ್ರ ಬ್ಯಾರೆಯವರ ಕಡೆಯಿಂದ ಬರಸಬೇಕಿಲ್ಲೇನ?" ಎನ್ನುತ್ತಾಳೆ. ನೀನು ಪೆನ್ನು ದೂಡುತ್ತೀ ಎಂದು ಹೇಳಿದರೆ ಅವಳು ಅದನ್ನು ಸಾವಿಗಿಂತ ಕೆಟ್ಟದ್ದೆಂದು ತಿಳಿಯುತ್ತಾಳೆ.

ಈ ತಿಂಗಳ ಕೊನೆಯ ವಾರ ಶಬೇಬರಾತ್. ನಮ್ಮ ಮನೆಯಲ್ಲಿ ತೀರಿಹೋದವರ ಹೆಸರಿಗೆ ಒಂದೊಂದು ತಟ್ಟೆ ಹಲ್ವಾ ಇಟ್ಟು ಫಾತೆಹಾ ಓದಿಸುವುದು ನಿನಗೆ ಗೊತ್ತಲ್ಲ. ಅಬ್ಬಾನ ಹೆಸರಿಗೊಂದು, ದಾದಾನ ಹೆಸರಿಗೊಂದು. ಮೊನ್ನೆ ಅಮ್ಮಿ ಅಕ್ಕಿ ಆರಿಸುತ್ತ, ತಲೆ ಎತ್ತದೆ ಕೇಳಿದಳು: "ಈ ಸಲ ಮೂರು ಇಡಬೇಕೇನ?" ಅವಳು ಅಳುತ್ತ ಕೇಳಿದ್ದರೆ ನಾನು ಬೈದು ಸುಮ್ಮನಾಗಿಸುತ್ತಿದ್ದೆ. ಅಳಲಿಲ್ಲ, ಬೇಳೆ ಎಷ್ಟು ಹಾಕಲಿ ಎಂದು ಕೇಳುವ ಹಾಗೆ ಕೇಳಿದಳು. ಹೆಸರು ಹಿಡಿದು ಫಾತೆಹಾ ಆಗದಿದ್ದರೆ ಮಗ ಅಲ್ಲಿ ಪರದೇಶದಲ್ಲಿ ದಿಕ್ಕಿಲ್ಲದವನ ಹಾಗೆ ಇರುತ್ತಾನೆ ಎಂಬ ಚಿಂತೆ ಅವಳಿಗೆ. ಬದುಕಿರುವವನ ಹೆಸರು ಓದಿಸಿದರೆ ಏನು ಗತಿ ಎಂಬ ಚಿಂತೆಯೂ ಅವಳಿಗೇ. ಯಾ ಅಲ್ಲಾ, ಎರಡರ ನಡುವೆ ನಿಂತು ಒಣಗಿಹೋಗಿದ್ದಾಳೆ. ರೊಟ್ಟಿ ಮುರಿಯುತ್ತಾಳೆ, ತಿನ್ನುವುದಿಲ್ಲ.

ಆ ಫೋನಿನ ಮರುದಿನದಿಂದಲೇ ನಾನು ಮತ್ತೆ ಮೊದಲಿನಿಂದ ಕಲಿಯತೊಡಗಿದೆ, ಈ ಸಲ ಕಿವಿಯಿಂದ. ಜಯವ್ವನ ಮನೆಯ ದೊಡ್ಡ ರೇಡಿಯೊದಲ್ಲಿ ಸಂಜೆ ಹೊತ್ತು ಜರ್ಮನಿಯವರ ಸ್ಟೇಷನ್ ಸಿಗುತ್ತದೆ. ಒಂದು ಮಾತು ಕೇಳುವುದರೊಳಗೆ ಗಾಳಿ ಬಂದು ಹೊತ್ತುಕೊಂಡು ಹೋಗುತ್ತದೆ. ರೇಡಿಯೊ ಸರಿ ಇಲ್ಲ ಎಂದರೆ ಜಯವ್ವ, "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ" ಎಂದು ಹಂಗಿಸುತ್ತಾಳೆ. ಆದರೆ ಕೇಳಿದಷ್ಟರಿಂದಲೇ ಒಂದು ತಿಳಿಯಿತು: ನಾನು ‘ಚ’ ಎಂದು ಓದಿದ್ದೆಲ್ಲ ‘ಚ’ ಅಲ್ಲವೇ ಅಲ್ಲ. ಅದರಲ್ಲಿ ಎರಡು ಬಗೆ. ಒಂದು ಗಂಟಲಿನಿಂದ ಬರುವುದು, ಅದು ನಮ್ಮ ‘ಖಬರ್’, ‘ಖುದಾ’ದ್ದೇ, ಮಸಾಲೆ ಅರೆದಷ್ಟು ಸುಲಭ. ಇನ್ನೊಂದು ಮಾತ್ರ ಕೈಗೇ ಸಿಗಲಿಲ್ಲ.

ಕೊನೆಗೆ ನಮಗೆ ಸಣ್ಣವರಿದ್ದಾಗ ಅರಬ್ಬಿ ಕಲಿಸಿದ ಸುಗರಾಬಿ ಖಾಲಾನ ಹತ್ತಿರ ಹೋದೆ. ಒಂದೊಂದು ಅಕ್ಷರ ಬಾಯಿಯ ಯಾವ ಜಾಗದಿಂದ ಏಳಬೇಕು ಎಂದು ಬೆತ್ತ ಹಿಡಿದು ಕಲಿಸಿದವಳಲ್ಲವೇ. ಈಗ ಕಣ್ಣು ಕಾಣುವುದಿಲ್ಲ, ನಾಲಿಗೆ ಮಾತ್ರ ಹಾಗೇ ಇದೆ. ಜರ್ಮನ್ ಎಂದರೆ ಯಾವ ದಿಕ್ಕಿನ ಭಾಷೆ ಎಂದೂ ಆಕೆಗೆ ಗೊತ್ತಿಲ್ಲ. ರೇಡಿಯೊದ ಮುಂದೆ ಕೂರಿಸಿದೆ. ಕೇಳಿ, ಬಾಯಿಯಲ್ಲಿ ಹಿಂದೆ ಮುಂದೆ ಆಡಿಸಿ ನೋಡಿ, ತಾನೂ ನಾಲ್ಕಾರು ಸಲ ತಪ್ಪಿ, ಆಮೇಲೆ ಹೇಳಿದಳು: "ಮೆಣಸಿನಕಾಯಿ ಕಡದ್ರ ನಾಲಗಿ ಮ್ಯಾಲ ಗಾಳಿ ಬಿಡತೀಯಲ್ಲ, ಹಂಗ ಬಿಡು. ದನಿ ಕೂಡಸಬ್ಯಾಡ." ನಾನು ನಿಜಕ್ಕೂ ಒಂದು ಮೆಣಸಿನಕಾಯಿ ಕಡಿದು ಕುಳಿತೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೆ ಬಂತು! ತುಟಿ ಗುಂಡಗೆ ಮಾಡಿ ಒಳಗೆ ‘ಎ’ ಅನ್ನುವ ಇನ್ನೊಂದು ಸ್ವರವಿದೆ. ಅದು ಬಂದದ್ದು ಒಲೆಯ ಮುಂದೆ, ಊದುಗೊಳವೆ ಊದುವಾಗ. ಖಾಲಾ ನಾನು ತಪ್ಪಿದಾಗಲೆಲ್ಲ ಈಗಲೂ ಬೆತ್ತ ಹುಡುಕುತ್ತಾಳೆ, ಪುಣ್ಯಕ್ಕೆ ಸಿಗುವುದಿಲ್ಲ.

ಮೊದಲು ನನಗೆ ಸಿಸ್ಟರ್ ಹಿಲ್ಡೆಯ ಮಾತು ತಿಳಿಯಲಿಕ್ಕಿಲ್ಲ ಎಂಬ ಹೆದರಿಕೆಯಿತ್ತು. ಈಗ ತಿಳಿದುಬಿಡುತ್ತದೆ ಎಂಬ ಹೆದರಿಕೆ. ಸತ್ತ, ಹೋದ, ಇಲ್ಲ ಎನ್ನುವುದಕ್ಕೆಲ್ಲ ಜರ್ಮನ್ ಶಬ್ದ ಕಲಿತಿದ್ದೇನೆ. ಕಲಿಯಬಾರದೆಂದರೂ ಪುಸ್ತಕದಲ್ಲಿ ಕಣ್ಣು ಅಲ್ಲಿಗೇ ಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ನಿಂತು ಆ ಶಬ್ದ ಕೇಳಿದರೆ ನನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಲಿ? ರಜಾಕ ಬಂದು ಹೋಗಿ ಮೂರು ತಿಂಗಳಾಯಿತು. ಅಲ್ಲಿಂದೀಚೆಗೆ ನೀನು ಇದ್ದೀಯೆಂದು ನನಗೆ ಹೇಳಿದವರು ಯಾರೂ ಇಲ್ಲ. ಈ ಪತ್ರ ನಿನ್ನ ಕೈ ಸೇರುತ್ತದೆ ಎಂದುಕೊಂಡೇ ಬರೆಯುತ್ತಿದ್ದೇನೆ, ಬೇರೆ ಥರ ಬರೆಯಲು ನನಗೆ ಬರುವುದಿಲ್ಲ.

ಜನವರಿ ಇಪ್ಪತ್ತೈದು, ಮಂಗಳವಾರ, ಇಲ್ಲಿಯ ಸಂಜೆ ನಾಲ್ಕಕ್ಕೆ ಮತ್ತೆ ಫೋನ್ ಮಾಡುತ್ತೇನೆ. ನಿಮಗಲ್ಲಿ ಮಧ್ಯಾಹ್ನದ ಊಟದ ಮುಂಚೆ ಆಗುತ್ತದೆ. ಅಮ್ಮಿಯೂ ಬರುತ್ತಾಳೆ, ಈ ಸಲ ಹೊರಗೆ ಕೂರುವುದಿಲ್ಲವಂತೆ, ನನ್ನ ಜೊತೆ ಪೆಟ್ಟಿಗೆಯ ಒಳಗೇ ನಿಲ್ಲುತ್ತಾಳಂತೆ. ಮೈಲಾರೆಪ್ಪ, "ಬರ್ರಿ ಯವ್ವಾ, ಎಷ್ಟೊತ್ತರೆ ಮಾತಾಡ್ರಿ" ಎಂದಿದ್ದಾನೆ. ಈ ಲಕೋಟೆಯಲ್ಲಿ ನಿನಗೊಂದು ಚಿಟಿಕೆ ಖಾರದ ಪುಡಿ ಕಟ್ಟಿ ಕಳಿಸಬೇಕೆಂದು ಅಮ್ಮಿ ಹಟ ಹಿಡಿದಿದ್ದಳು. ಇದ್ದಾನೋ ಇಲ್ಲವೋ ಎಂದು ಕೇಳುವವಳೇ ಅವನ ಬಾಯಿರುಚಿಯ ಚಿಂತೆಯನ್ನೂ ಮಾಡುತ್ತಾಳೆ! ಗಾಯದ ಗಂಟಲಿಗೆ ಬೇಡವೆಂದು ನಾನೇ ತೆಗೆದಿಟ್ಟೆ.

ಸಿಸ್ಟರ್ ಹಿಲ್ಡೆಯವರಿಗೆ ನನ್ನ ಸಲಾಮು ಹೇಳಲು ನಿನಗಾಗದು, ಒಮ್ಮೆ ಅವರ ಕಡೆ ನೋಡಿ ನಗು. ಸುಗರಾಬಿ ಖಾಲಾ ಪ್ರತಿ ನಮಾಜಿನಲ್ಲೂ ನಿನಗಾಗಿ ದುವಾ ಕೇಳುತ್ತಾಳೆ. ಜಯವ್ವ ನಮ್ಮೂರ ಹನುಮಪ್ಪನಿಗೆ ಕಾಯಿ ಕಟ್ಟಿ ಬಂದಿದ್ದಾಳೆ, ಬಿಚ್ಚಲು ನೀನೇ ಬರಬೇಕಂತೆ. ಅಮ್ಮಿಯ ಆಶೀರ್ವಾದ ಇದರಲ್ಲೇ ಇದೆ ಎಂದು ತಿಳಿ. ಅಲ್ಲಾಹ್ ನಿನ್ನನ್ನು ಜೋಪಾನ ಮಾಡಲಿ.

ನಿನ್ನ ತಂಗಿ,
ಮಹಮೂದಾ

ತಾ.ಕ.: ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಚೀಲ ಕಟ್ಟುವ ಹೊತ್ತಾಗಿದೆ. ಒಂದು ಮಾತು ಬರೆಯಲು ಧೈರ್ಯ ಬಂದಿರಲಿಲ್ಲ, ಈಗ ಬರೆಯದಿದ್ದರೆ ಆಗುವುದಿಲ್ಲ. ಸಿಸ್ಟರಿಗೆ ನಾನು ಹೇಳಲಿಕ್ಕೆ ಕಲಿತಿರುವುದು ನೀನು ಹೇಗಿದ್ದೀ ಎಂದು ಅಲ್ಲ. ಫೋನನ್ನು ನಿನ್ನ ಬಾಯಿಯ ಹತ್ತಿರ ಹಿಡಿಯಿರಿ ಎಂದು. "ಹಾಲ್ಟೆನ್ ಜೀ ಡೆನ್ ಹ್ಯೋರರ್ ಆನ್ ಜೈನೆನ್ ಮುಂಟ್." ಇದನ್ನು ಮಾತ್ರ ತಪ್ಪದೆ ಹೇಳುತ್ತೇನೆ, ಖಾಲಾ ಪಾಸು ಮಾಡಿದ್ದಾಳೆ. ಇತ್ತ ಅಮ್ಮಿ ಫೋನು ಕಿವಿಗೆ ಹಿಡಿದುಕೊಂಡಿರುತ್ತಾಳೆ. ಮಾತು ಬೇಡ ಭಾಯಿ, ಪೆನ್ನೂ ಬೇಡ. ಕೆಮ್ಮು. ಗೋಡೆಯ ಕಡೆ ತಿರುಗಿಯೇ ಕೆಮ್ಮು ಬೇಕಾದರೆ, ಹಳೆಯ ಹಾಗೆ ಬಾರದಿದ್ದರೆ ಬಂದಷ್ಟೇ ಸಾಕು, ಅವಳಿಗೆ ಗೊತ್ತಾಗುತ್ತದೆ. ಇವತ್ತು ಬೆಳಿಗ್ಗೆ ಅವಳು ಟ್ರಂಕಿನಿಂದ ಹಲ್ವಾದ ತಟ್ಟೆಗಳನ್ನು ತೆಗೆದು ತೊಳೆದು ಬೋರಲು ಹಾಕಿದಳು. ಮೂರು. ಒಂದನ್ನು ಒಳಗಿಡು ಎಂದರೆ ಅವಳು ನನ್ನ ಮಾತು ಕೇಳುವುದಿಲ್ಲ. ನೀನೇ ಒಳಗಿಡಿಸಬೇಕು.