ಕಂಬದ ಮೇಲಿನ ಮಾವ

ತೀರ್ಥಹಳ್ಳಿ
೧೮ ಜುಲೈ ೨೦೨೫

ಚಿ. ಯಶಸ್ವಿನಿಗೆ ನಿನ್ನ ದುಗ್ಗಪ್ಪ ಮಾವ ಮಾಡುವ ಆಶೀರ್ವಾದಗಳು.

ಸಾಗರದಿಂದ ತೀರ್ಥಹಳ್ಳಿಯವರೆಗೆ ಒಂದೊಂದು ಬಲ್ಬೂ ನನ್ನ ಅಪ್ಪಣೆ ಕೇಳಿಕೊಂಡೇ ಉರಿಯುತ್ತದೆ ಎಂಬುದು ನಿನಗೆ ಗೊತ್ತೇ ಇದೆ. ಮೊನ್ನೆ ನನಗೆ ನೆಗಡಿಯಾದಾಗ ಜೋಗದ ಜನರೇಟರುಗಳೂ ಸೀನಿದವಂತೆ. ಇಂಥ ಮನುಷ್ಯನ ಫೋನನ್ನು ನೀನು ಎತ್ತುತ್ತಿಲ್ಲ. ಇರಲಿ, ನಿನ್ನ ಮೆಸೇಜಿಗೆ ಉತ್ತರ ಕೊಡದೆ ಕೂತವನು ನಾನೇ ಮೊದಲು. ತಡವಾಯಿತು, ಕ್ಷಮಿಸು. ಆಸ್ಪತ್ರೆಯ ಪಾಳಿ ಮುಗಿಸಿ ಬಂದ ಮೇಲೆ ಕೂತು ಓದು. ನಿಂತು ಓದಬೇಡ.

ನಿನ್ನ ತಮ್ಮ ರವೀಶ್ ಕ್ಷೇಮ. ಮೈಮೇಲೆ ಒಂದು ಗೀರೂ ಇಲ್ಲ. ಈ ‘ಗೀರಿಲ್ಲ’ ಎಂಬ ಮಾತೇ ನನ್ನನ್ನು ಕೆಡಿಸಿದ್ದು.

ಕಂಬ ಹತ್ತುವ ಮೊದಲು ನನ್ನ ಲೈನ್ ಗುತ್ತಿಗೆಯ ಹುಡುಗರು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಕರೆಂಟು ತೆಗೆಸುತ್ತಾರಲ್ಲ, ಅದಕ್ಕೆ ಎಲ್.ಸಿ. ಅನ್ನುತ್ತೇವೆ. ತೆಗೆದುಕೊಂಡವನೇ ‘ಎಲ್ಲರೂ ಇಳಿದರು’ ಎಂದು ವಾಪಸು ಕೊಡಬೇಕು. ಬೇರೆಯವರ ಮಾತು ನಡೆಯುವುದಿಲ್ಲ. ಹೋದ ತಿಂಗಳು ಹೊಸನಗರದ ಹತ್ತಿರ ರವೀಶನೇ ಎಲ್.ಸಿ. ತೆಗೆದುಕೊಂಡು ಜೊತೆಗಾರ ನಿಶಾಂತನಿಗೆ ‘ಹತ್ತೋ’ ಅಂದ. ಅವನು ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ಸರಪಳಿ ಕಟ್ಟಬೇಕು ಅನ್ನುವಷ್ಟರಲ್ಲಿ ಯಾರದೋ ಮನೆಯ ಜನರೇಟರಿನಿಂದ ಕರೆಂಟು ಹಿಂದಕ್ಕೆ ಹರಿದು ಬಂತು. ನಿಶಾಂತ್ ಹೆಣವಾಗಿ ಇಳಿದ. ಅವನ ತಾಯಿಗೆ ವಿಮೆ ಕೊಡಿಸಿದೆ, ಚೌಡಿ ದೇವಿಗೆ ಕೋಳಿ ಕೊಟ್ಟೆ. ರವೀಶನಿಗೆ ಏನು ಕೊಡಬೇಕೋ ತೋಚಲಿಲ್ಲ. ಗೀರಿಲ್ಲವಲ್ಲ, ತಿಥಿ ಮುಗಿಯುವ ಮೊದಲೇ ಕೆಲಸಕ್ಕೆ ಕರೆದೆ.

ಆಮೇಲೆ ಅವನು ಒಂದು ಕಂಬಕ್ಕೆ ಹತ್ತು ಸಲ ಸಬ್‌ಸ್ಟೇಷನ್ನಿಗೆ ಫೋನ್ ಮಾಡತೊಡಗಿದ. ಹುಡುಗರು ‘ಎಲ್.ಸಿ. ರವಿ’ ಎಂದು ಹೆಸರಿಟ್ಟರು. ಹುಡುಗರೇನು, ಇಟ್ಟವನು ನಾನೇ.

ಆಗ ಬಂತು ನಿನ್ನ ಮೆಸೇಜು. “ಮಾವ, ಅವ್ನು ನಿದ್ದೆ ಮಾಡ್ತಿಲ್ಲ. ಮಾವ ಆಗಿ ನೋಡ್ಕೊಂಡಿದ್ದು ಸಾಕು, ಧಣಿ ಆಗಿ ನೋಡ್ಕೊಳ್ಳಿ. ಸಂಬಳ ಕೊಟ್ಟು ರಜೆ ಕೊಡಿ, ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿ.” ಓದಿ ನಗು ಬಂತು. ಅಕ್ಕನ ಮಗನಿಗೆ ನಾನು ಧಣಿಯೇ? ಕರೆದು ಕೋಳಿಸಾರು, ಕಡುಬು ಹಾಕಿಸಿದೆ. ಒಂದು ಹೆಣ್ಣನ್ನೂ ನೋಡಿದೆ. ಮದುವೆಯಾದರೆ ನಿದ್ದೆ ಬರುತ್ತದೆ ಅಂದುಕೊಂಡೆ.

ಹೋದ ಸೋಮವಾರ ಹೊಸನಗರದ ರಸ್ತೆಯಲ್ಲಿ ತಂತಿಯ ಮೇಲೆ ಕೊಂಬೆ ಬಿದ್ದಿತ್ತು. ರವೀಶ್ ಎಲ್.ಸಿ. ತೆಗೆದುಕೊಂಡ. ತೆಗೆದುಕೊಂಡವನು ಕಂಬವನ್ನು ತಬ್ಬಿ ನಿಂತ. ಯಾರನ್ನೂ ಹತ್ತಲು ಬಿಡಲಿಲ್ಲ.

“ಬಿಡಾ, ಸಾಕು. ಕಂಬಕ್ಕೇ ತಾಳಿ ಕಟ್ತೀಯಾ ಎಂತ?” ಅಂದೆ. ಹುಡುಗರು ನಕ್ಕರು.

“ಕರೆಂಟ್ ಇದೆ ಮಾವ. ನಂಗೆ ಗೊತ್ತಾಗ್ತದೆ.”

“ಇದ್ರೆ ನಂಗೇ ಹೊಡೀಲಿ ತಗಾ!” ಎಂದು ಅವನನ್ನು ಸರಿಸಿ ನಾನೇ ಹತ್ತಿದೆ. ಈ ವಯಸ್ಸಿನಲ್ಲೂ ಮಂಗನ ಹಾಗೆ ಹತ್ತುತ್ತೇನೆ, ಅದು ಸುಳ್ಳಲ್ಲ. ಮೇಲೆ ಹೋಗಿ ಅರ್ತ್ ಕಟ್ಟಿ, ತಂತಿ ಹಿಡಿದೆ. ಹಿಡಿದು, ನಗಿಸೋಣವೆಂದು, “ಅಯ್ಯಯ್ಯೋ!” ಎಂದು ಕಿರುಚಿ ಕೈಕಾಲು ಅದುರಿಸಿದೆ.

ಯಾರೂ ನಗಲಿಲ್ಲ. ಕೆಳಗೆ ನೋಡಿದರೆ ರವೀಶ್ ಇಲ್ಲ, ಅವನ ಬೈಕೂ ಇಲ್ಲ.

ಕೊಂಬೆ ತೆಗೆದು ಇಳಿದೆವು. ಸಂಜೆಯಾದರೂ ಅವನ ಪತ್ತೆಯಿಲ್ಲ, ಫೋನಿಲ್ಲ. ಶರಾವತಿ ಹಿನ್ನೀರಿನ ಕಡೆ ಹೋದನೇ ಎಂದು ನಾನು ಹೆದರಿದ್ದು ನಿನಗೆ ಹೇಗೆ ಬರೆಯಲಿ. ಕಡೆಗೆ ಸಬ್‌ಸ್ಟೇಷನ್ನಿನ ಹರಿಪ್ರಸಾದ್ ಫೋನ್ ಮಾಡಿದ. “ದುಗ್ಗಪ್ಪಣ್ಣ, ನಿಮ್ ಹುಡುಗ ಸ್ವಿಚ್ಚಿಗೆ ಅಡ್ಡ ಕೂತಿದಾನೆ, ಏಳ್ತಿಲ್ಲ ಮಾರಾಯ್ರೆ. ಎಳೆಯೋಕೂ ಹೆದ್ರಿಕೆ.”

ಓಡಿದೆ. ಅವನ ಎದುರಿಗೇ ನಿಂತೆ. “ನಡಿಯಾ ರವಿ, ಲೈನ್ ಕೊಡು. ಎಲ್ಲ ಇಳಿದಾಯ್ತು.”

ನನ್ನ ಮುಖವನ್ನೇ ನೋಡಿ ಹೇಳಿದ: “ಕೊಡಲ್ಲ. ನಮ್ಮ ಮಾವ ಇನ್ನೂ ಕಂಬದ ಮೇಲಿದಾರೆ.”

ಯಶಸ್ವಿನಿ, ಕರೆಂಟು ಹೊಡೆದರೆ ಹೇಗಿರುತ್ತದೆ ಎಂದು ನನಗೆ ಆಗ ತಿಳಿಯಿತು.

ಹರಿಪ್ರಸಾದ್ ಜಾಣ. ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ರವೀಶನ ಕೈಗೇ ಕೊಟ್ಟ. ಮೂವರೂ ಜೀಪಿನಲ್ಲಿ ಆ ಕಂಬಕ್ಕೆ ಹೋದೆವು. ನಾನು ಮತ್ತೆ ಹತ್ತಿದೆ. ಈ ಸಲ ಮಂಗನಾಗಲಿಲ್ಲ. ಒಂದೊಂದೇ ಹೆಜ್ಜೆ ಇಳಿದು ಅವನ ಮುಂದೆ ನಿಂತು, “ಇಳಿದೆ ಕಣಾ,” ಅಂದೆ. ಅವನು ನನ್ನ ಅಂಗೈ ತಿರುಗಿಸಿ ನೋಡಿದ. ಮುಖ ಸವರಿದ. ಆಮೇಲೆ ಕೀಲಿಯನ್ನು ಹರಿಪ್ರಸಾದನಿಗೆ ಕೊಟ್ಟು ಹೇಳಿದ: “ಎಲ್ಲರೂ ಇಳಿದ್ರು. ಲೈನ್ ಕೊಡಿ.”

ಮಾರನೇ ದಿನವೇ ಶಿವಮೊಗ್ಗಕ್ಕೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ದೆ. ಆ ತಾಯಿ ನನ್ನನ್ನು, “ನೀವು ಇವ್ರಿಗೆ ಏನಾಗ್ಬೇಕು?” ಎಂದು ಕೇಳಿದರು. ‘ಮಾವ’ ಅನ್ನಲು ಬಾಯಿ ತೆರೆದೆ. “ಕೆಲ್ಸ ಕೊಟ್ಟೋನು,” ಅಂದೆ. “ಹಾಗಾದ್ರೆ ಕೂತ್ಕೊಳ್ಳಿ, ನಿಮ್ಹತ್ರಾನೇ ಮಾತಾಡೋದಿದೆ,” ಅಂದರು. ಅಷ್ಟು ಹೊತ್ತು ಬೈಸಿಕೊಂಡದ್ದು ಶಾಲೆ ಬಿಟ್ಟ ಮೇಲೆ ಇದೇ ಮೊದಲು.

ಅವನಿಗೆ ಈಗ ಸಂಬಳದ ರಜೆ. ಡಾಕ್ಟರು ಹೇಳುವವರೆಗೆ ಕಂಬ ಇಲ್ಲ. ನಿಶಾಂತನನ್ನು ಇಳಿಸಿದ ಉಳಿದ ಹುಡುಗರನ್ನೂ ಮುಂದಿನ ವಾರ ನನ್ನ ಖರ್ಚಿನಲ್ಲೇ ಕರೆದೊಯ್ಯುತ್ತೇನೆ. ಇಂಥ ಧಣಿ ಮೂರು ತಾಲೂಕಿನಲ್ಲೇ ಇಲ್ಲ ಎಂದು ಜನ ಆಡಿಕೊಳ್ಳುತ್ತಿದ್ದಾರೆ. ಇನ್ನೂ ಆಡಿಕೊಂಡಿಲ್ಲ, ಆಡಿಕೊಳ್ಳುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ರೋಗಿಗಳನ್ನು ಕಾಯುವ ನಿನ್ನನ್ನು ಸಿದ್ಧೇಶ್ವರ ಕಾಯಲಿ.

ಇಂತಿ ನಿನ್ನ ಮಾವ,
ದುಗ್ಗಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ಸೋಮವಾರ ರಾತ್ರಿ ಅವನನ್ನು ಕರೆದುಕೊಂಡು ಮನೆಗೆ ಬಂದವನು ನಿನ್ನ ಅವ್ವ ಹೂವಮ್ಮನ ಮುಂದೆ, “ನಿನ್ ಮಗನಿಂದ ನಂಗೆ ನಾಲ್ಕು ಲಕ್ಷ ಮುಳುಗ್ತು,” ಅಂದುಬಿಟ್ಟೆ. ದೊಡ್ಡದಾಗಿ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ರವೀಶ್ ಒಳಕೋಣೆಯಲ್ಲಿದ್ದ. ನಿನ್ನೆ ಮತ್ತೆ ತೋರಿಸಲು ಹೋದಾಗ ಡಾಕ್ಟರಿಗೆ ಕೈ ಮುಗಿದು, “ಬೇಗ ಗುಣ ಮಾಡಿ, ಕಂಬ ಹತ್ತಿ ಮಾವನ ನಾಲ್ಕು ಲಕ್ಷ ತೀರಿಸ್ಬೇಕು,” ಅಂದನಂತೆ. ಸುಳ್ಳು ಕಣಾ ಅಂದರೆ, ತನ್ನ ಸಮಾಧಾನಕ್ಕೆ ಹೇಳುತ್ತಿದ್ದೇನೆ ಅನ್ನುತ್ತಾನೆ. ನನ್ನ ನಿಜವನ್ನು ಅವನು ನಂಬುತ್ತಿಲ್ಲ. ಹಗ್ಗ, ಬೆಲ್ಟು ಅಡಗಿಸಿಟ್ಟಿದ್ದೇನೆ, ಆದರೆ ಕಂಬಗಳನ್ನು ಎಲ್ಲಿ ಅಡಗಿಸಲಿ? ನೀನು ಬಾ, ಬಂದು ನಿನ್ನ ಬಾಯಿಂದ ಹೇಳು. ಕೂಲಿ, ಡೀಸೆಲ್ ಎಲ್ಲ ಸೇರಿ ಅವತ್ತು ನನಗೆ ಹೋದದ್ದು ಆರು ಸಾವಿರದ ನಾನೂರು ರೂಪಾಯಿ.