ಬಿರುಗಾಳಿ ಬಂದದ್ದು ನವೆಂಬರಿನಲ್ಲಿ

ಎಸ್ಟಾನ್ಸಿಯಾ,
ಸೆಪ್ಟೆಂಬರ್ 30, 2018, ಭಾನುವಾರ

ನನ್ನ ಮುದ್ದು ಇಂಡಾಯ್,

ಈ ಪತ್ರವನ್ನು ಒಣಮೀನಿನ ಪೊಟ್ಟಣದ ಜೊತೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ವಾಸನೆ ಬಂದರೆ ಮೂಗು ಮುರಿಯಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಪತ್ರವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಮೊನ್ನೆ ನೀನು ಹೇಳಿದ್ದಿಷ್ಟು. ಅನಾಟಮಿಯ ಮೊದಲ ಪರೀಕ್ಷೆಯಲ್ಲಿ ಫೇಲಾಗಿದ್ದೀಯ. ಫೇಲು ಮಾಡಿದವರು ಡಾಕ್ಟರ್ ಗುಂಬಾನ್, ನಿನ್ನ ಸಂದರ್ಶನದಲ್ಲಿ ಕೂತಿದ್ದ ಆ ವಯಸ್ಸಾದ ಹೆಂಗಸು. ತರಗತಿಯಲ್ಲಿ ಉಳಿದವರೆಲ್ಲ ಪದವಿಯಲ್ಲಿ ಪದಕ ಪಡೆದವರು. ನಿನ್ನೊಬ್ಬಳನ್ನು ಮಾತ್ರ ಬಿರುಗಾಳಿ ಹೊಡೆದ ಊರಿನವಳು, ಅಯ್ಯೋ ಪಾಪ ಎಂದು ಸೇರಿಸಿಕೊಂಡಿದ್ದಾರೆ. ಆದ್ದರಿಂದ ನವೆಂಬರ್ ಒಂದಕ್ಕೆ ಅಪ್ಪನ ಸಮಾಧಿಗೆ ಮೇಣದಬತ್ತಿ ಹಚ್ಚಲು ಬರುವಾಗ ಪೆಟ್ಟಿಗೆ ಸಮೇತ ಬರುತ್ತೀಯ, ವಾಪಸ್ಸು ಹೋಗುವುದಿಲ್ಲ.

ಈಗ ನನ್ನ ಸರದಿ.

ಪದವಿಯಲ್ಲಿ ನಿನ್ನ ಸರಾಸರಿ ಎರಡು ಮುಕ್ಕಾಲು. ನಮ್ಮಲ್ಲಿ ಅಂಕಿ ಏರಿದಷ್ಟೂ ಮಾನ ಇಳಿಯುತ್ತದೆ, ಮೂರು ದಾಟಿದರೆ ಫೇಲು. ನೀನು ಅಂಚಿಗೆ ಜೋತುಬಿದ್ದು ಪಾಸಾದವಳು. ಮೊದಲ ವರ್ಷ ಕೆಮಿಸ್ಟ್ರಿಯಲ್ಲಿ ಫೇಲಾದರೂ ಕೊನೆಯ ವರ್ಷಗಳಲ್ಲಿ ಚೆನ್ನಾಗಿ ಓದಿದೆ, ನಿಜ. ಆದರೆ ಸರಾಸರಿ ಎಂಬುದು ಹಳೆಯದನ್ನು ಮರೆಯುವುದಿಲ್ಲ ಎಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಮೇಲೆ ಹೆರಿಗೆ ಕೇಂದ್ರದಲ್ಲಿ ದುಡಿಯುತ್ತಲೇ ಪ್ರವೇಶ ಪರೀಕ್ಷೆ ಬರೆದೆ, ಒಳ್ಳೆಯ ಸ್ಥಾನ ಬಂತು. ಆದರೂ ಎರಡು ಕಾಲೇಜುಗಳು ಹಳೆಯ ಅಂಕ ನೋಡಿ ಬೇಡವೆಂದವು. ಉಳಿದದ್ದು ಇದೊಂದೇ.

ಸಂದರ್ಶನದ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿನಗೆ ಪಾಠ ಹೇಳಿಕೊಟ್ಟೆನಲ್ಲ, ನೆನಪಿದೆಯೇ? “ಕೆಮಿಸ್ಟ್ರಿ ಯಾಕೆ ಹೋಯ್ತು ಅಂತ ಕೇಳಿದ್ರೆ ಬಿರುಗಾಳಿ ಅನ್ನು. ಮನೆ ಚಾವಣಿ ಹಾರಿದ್ದು ಸುಳ್ಳಲ್ಲವಲ್ಲ.” ನಮ್ಮ ಊರಿನಲ್ಲಿ ಮದುವೆ ಮುಂದೂಡಿದವನೂ, ದೋಣಿಗೆ ಬಣ್ಣ ಬಳಿಯದ ಸೋಮಾರಿಯೂ ಐದು ವರ್ಷ ಕಳೆದರೂ ಬಿರುಗಾಳಿಯ ಹೆಸರೇ ಹೇಳುತ್ತಾರೆ. ನೀನೊಬ್ಬಳು ಹೇಳಿದರೆ ಏನು ಮಹಾ ಎಂದುಕೊಂಡಿದ್ದೆ. ನೀನು ಕಿಟಕಿಯ ಹೊರಗೆ ನೋಡುತ್ತಾ “ಹೂಂ ನಾನಾಯ್” ಎಂದೆ. ಅಮ್ಮನ ಮಾತು ಒಪ್ಪಿದೆ ಎಂದೇ ತಿಳಿದೆ.

ನಾನು ಹೊರಗೆ ಬೆಂಚಿನ ಮೇಲೆ ನಿದ್ದೆ ಹೋಗಿದ್ದೆ ಎಂದು ನೀನು ನಂಬಿದ್ದೀಯ. ಇಲ್ಲ ಮಗಳೇ. ಆ ಕೋಣೆಗೆ ಇದ್ದದ್ದು ಬರಿಯ ಹಲಗೆಯ ತಡಿಕೆ, ಅದೂ ಮೇಲ್ಭಾಗ ತೆರೆದದ್ದು. ಒಳಗಿನ ಒಂದೊಂದು ಮಾತೂ ನನಗೆ ಕೇಳಿಸುತ್ತಿತ್ತು.

ಡಾಕ್ಟರ್ ಗುಂಬಾನ್ ನಿನಗೆ ನೆಪವನ್ನು ತಟ್ಟೆಯಲ್ಲಿ ಹಾಕಿಕೊಟ್ಟರು. “ಎಸ್ಟಾನ್ಸಿಯಾದವಳು ನೀನು. ಕೆಮಿಸ್ಟ್ರಿ ಹೋಗಿರೋದೂ ಬಿರುಗಾಳಿ ವರ್ಷಾನೇ. ಅದಕ್ಕೇ ತಾನೆ?” ಹೂಂ ಅನ್ನು, ಹೂಂ ಅನ್ನು ಎಂದು ನಾನು ಜಪಮಾಲೆ ಹಿಡಿದು ಕೂತಿದ್ದೆ.

ನೀನು ಹೇಳಿದೆ, “ಇಲ್ಲ ಡಾಕ್ಟರ್. ಬಿರುಗಾಳಿ ಬಂದಿದ್ದು ನವೆಂಬರಲ್ಲಿ. ನಾನು ಅಕ್ಟೋಬರಲ್ಲೇ ಫೇಲಾಗಿದ್ದೆ.”

ಯಾಕೆ ಎಂದು ಅವರು ಕೇಳಿದರು. “ಓದಲಿಲ್ಲ. ವಾಲಿಬಾಲ್ ಆಡ್ಕೊಂಡಿದ್ದೆ. ಟೀಚರ್ ಮಗಳು, ತಾನಾಗೇ ಬರುತ್ತೆ ಅನ್ಕೊಂಡಿದ್ದೆ.”

ಒಳಗೆ ಬಂದು ನಿನ್ನ ಕಿವಿ ಹಿಂಡಬೇಕೆನಿಸಿತು. ನೀನು ಹೊರಬಂದು ನನ್ನತ್ತ ಒಮ್ಮೆ ನೋಡಿ, ಮುಖ ತೊಳೆಯಲು ಹೋದೆ. ನಾನು ಸಿಟ್ಟಿಗೆ ಕಣ್ಣು ಮುಚ್ಚಿಕೊಂಡಿದ್ದೆ, ಅದನ್ನೇ ನೀನು ನಿದ್ದೆ ಎಂದುಕೊಂಡೆ. ಆಗ ಒಳಗೆ ಅವರವರೇ ಮಾತಾಡಿದ್ದನ್ನು ನೀನು ಕೇಳಲಿಲ್ಲ. ನಾನು ಕೇಳಿದೆ.

ಗಂಡಸೊಬ್ಬರು ಹೇಳಿದರು, “ಹುಡುಗಿ ಒಳ್ಳೇವಳೇ. ಆದ್ರೆ ಈ ಅಂಕಕ್ಕೆ ಸೀಟು ಕೊಟ್ರೆ ನಮ್ಮನ್ನ ನೋಡಿ ನಗ್ತಾರೆ.”

ಡಾಕ್ಟರ್ ಗುಂಬಾನ್ ಅವರ ದನಿ ಏರಿತು. “ನಗಲಿ ಬಿಡಿ. ಬೆಳಿಗ್ಗೆಯಿಂದ ಬಂದವರೆಲ್ಲ ಬಿರುಗಾಳಿ, ಜ್ವರ, ಅಜ್ಜಿ ಸತ್ತರು ಅಂತ ಹೇಳಿಹೋದ್ರು. ನಾನೇ ನೆಪ ಕೊಟ್ರೂ ಇವಳು ತಗೊಳ್ಳಲಿಲ್ಲ. ನಾಳೆ ವಾರ್ಡಲ್ಲಿ ತಪ್ಪು ಔಷಧಿ ಕೊಟ್ಟುಬಿಟ್ರೆ, ಓಡಿಬಂದು ನನ್ನಿಂದ ತಪ್ಪಾಯ್ತು ಅನ್ನೋಳು ಇವಳೇ. ಅಂಥೋಳು ನಂಗೆ ಬೇಕು. ಓದಿಸೋದು ನನ್ನ ಪಾಡು.”

ಇಂಡಾಯ್, ನಿನ್ನನ್ನು ಹೆತ್ತಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಆಗ ನೋವಿತ್ತು. ಆ ದಿನ ಬರಿಯ ಹೆಮ್ಮೆ. ವಾಪಸ್ಸು ಬರುವಾಗ ಸೆಖೆಗೆ ತಲೆನೋವು ಎಂದು ಕಿಟಕಿಗೆ ತಲೆ ಆನಿಸಿ ಕೂತೆ. ಬಾಯಿ ತೆರೆದಿದ್ದರೆ ಬಸ್ಸಿಗೆ ಬಸ್ಸೇ ಕೇಳುವ ಹಾಗೆ ಅಳುತ್ತಿದ್ದೆ. ಆಮೇಲೂ ಹೇಳಲಿಲ್ಲ, ಹೊಗಳಿಕೆ ತಲೆಗೇರಿ ಮತ್ತೆ ವಾಲಿಬಾಲ್ ಹಿಡಿದೀಯೆಂಬ ಭಯ.

ಈಗ ಸ್ವಲ್ಪ ಯೋಚಿಸು. ಅಯ್ಯೋ ಪಾಪ ಎನ್ನುವ ಹೆಂಗಸಾಗಿದ್ದರೆ ಮೊದಲ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಪಾಸು ಮಾಡುತ್ತಿರಲಿಲ್ಲವೇ? ನಿನಗಾಗಿ ಜಗಳ ಆಡಿದವರೇ ನಿನ್ನ ಉತ್ತರ ತಪ್ಪಾದಾಗ ತಪ್ಪು ಎಂದು ಬರೆದಿದ್ದಾರೆ. ನಾಳೆಯೇ ಹೋಗಿ ಅವರ ಬಾಗಿಲು ತಟ್ಟು. ಯಾವ ಮೂಳೆ, ಯಾವ ನರ ನಿನಗೆ ತಿಳಿಯಲಿಲ್ಲವೋ ಕೇಳು. ನಿನ್ನ ಬಾಯಿಗೆ ನಾಚಿಕೆ ಎಂಬುದು ಎಂದೂ ಇರಲಿಲ್ಲ, ಈಗ ಹೊಸದಾಗಿ ಕಲಿಯಬೇಡ.

ಮೀನನ್ನು ಕಡಿಮೆ ಎಣ್ಣೆಯಲ್ಲಿ ಹುರಿ. ಪಕ್ಕದ ಕೋಣೆಯವರಿಗೂ ಕೊಡು.

ನಿನ್ನನ್ನು ಹೆತ್ತು, ಬೈದು, ಈಗ ಬೀಗುತ್ತಿರುವ
ನಾನಾಯ್
ತೆರೆಸಿಟಾ ಬಲಾಸ್ಬಾಸ್

ಮರೆತಿದ್ದೆ: ಮಕ್ಕಳು ಏನಾದರೂ ಸಾಧಿಸಿದಾಗ ನಮ್ಮ ಬೀದಿಯವರು ಫೋಟೋ ಹಾಕಿ ಬ್ಯಾನರ್ ಕಟ್ಟುತ್ತಾರಲ್ಲ, ನಿನ್ನದನ್ನೂ ಹೋದ ವಾರ ಕಟ್ಟಿಸಿದೆ. ಬೀದಿಯ ಈ ತುದಿಯಿಂದ ಆ ತುದಿಗೆ. ನಿನ್ನ ಹೆಸರು, ಮೆಡಿಕಲ್ ಕಾಲೇಜು, ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ, ಪದವಿಯ ಸರಾಸರಿ 2.75. ಮುದ್ರಿಸುವವನು “ಟೀಚರ್, ಇದನ್ನ ಯಾರೂ ಹಾಕಿಸಲ್ಲ” ಎಂದ. ನನ್ನ ಮಗಳು ಹಾಕಿಸುತ್ತಾಳೆ ಎಂದೆ. ಅಂಕ ಕಡಿಮೆ ಬಂದ ಮಕ್ಕಳ ತಾಯಂದಿರು ದಿನವೂ ಬಂದು ಅದರ ಕೆಳಗೆ ನಿಂತು ಓದುತ್ತಾರೆ, ಹೇಗೆ ಸೀಟು ಸಿಕ್ಕಿತೆಂದು ನನ್ನನ್ನು ಕೇಳಿ ಹೋಗುತ್ತಾರೆ. ನಾನದನ್ನು ಇಳಿಸುವುದಿಲ್ಲ. ಪೆಟ್ಟಿಗೆ ಸಮೇತ ಬರುವುದೇ ಆದರೆ, ಅವರೆಲ್ಲರ ಎದುರು, ಅದರ ಕೆಳಗೇ ನಡೆದು ಬಾ.